ಷಡ್ಡಕನ ಕಾರಿನ ಗಾಳಿಕೊಳವೆ

ಆ ಭಾನುವಾರ ಮಾವನ ಮನೆಯ ಬೀದಿಯ ತಿರುವಿನಲ್ಲಿ ಏನೋ ಗುರ್ರೆಂದಿತು. ಮಹಡಿಯ ಕಂಬಿಗೆ ಒರಗಿ ಕಾಫಿ ಕುಡಿಯುತ್ತಿದ್ದ ಗಾಳಿ ಮೇಸ್ತ್ರಿ ಬಗ್ಗಿ ನೋಡಿದ. ಬರುತ್ತಿದ್ದದ್ದು ಅವನ ಷಡ್ಡಕನ ಕಾರು. ಹಿಂದಿನ ಭಾನುವಾರದವರೆಗೆ ಸದ್ದಿಲ್ಲದೆ ಬಂದು ನಿಲ್ಲುತ್ತಿದ್ದ ಕಾರು ಈಗ ಗಂಟಲು ಸರಿಮಾಡಿಕೊಳ್ಳುತ್ತಾ ಬರುತ್ತಿತ್ತು. ಕೆಳಗೆ ಜಗಲಿಯಲ್ಲಿ ಕೂತಿದ್ದ ಮಾವ ಆ ಕಡೆ ಮುಖ ತಿರುಗಿಸಿ "ಓಹೋ!" ಎಂದರು.

ಒಂದೇ ಒಂದು ಓಹೋ. ಮೇಸ್ತ್ರಿಯ ಬಾಯಲ್ಲಿದ್ದ ಕಾಫಿ ಕಹಿಯಾಯಿತು.

ಗಾಳಿ ಮೇಸ್ತ್ರಿ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ದೊಡ್ಡ ಕಟ್ಟಡಗಳಲ್ಲಿ ಎ.ಸಿ.ಯ ಗಾಳಿಯನ್ನು ಕೋಣೆಯಿಂದ ಕೋಣೆಗೆ ಒಯ್ಯುವ ತಗಡಿನ ಕೊಳವೆಗಳನ್ನು ಮಾಡುವುದು ಅವನ ಕಸುಬು. ಇಪ್ಪತ್ತೆಂಟು ವರ್ಷಗಳಿಂದ ತಗಡು ಕತ್ತರಿಸಿ, ಮಡಿಸಿ, ರಿವೆಟ್ ಹೊಡೆದು ಅವನ ಬೆರಳುಗಳಲ್ಲಿ ಗೀರುಗಳೇ ರೇಖೆಗಳಾಗಿದ್ದವು. ಆಸ್ಪತ್ರೆಯ ಆಪರೇಷನ್ ಕೋಣೆಗೆ ಗಾಳಿ ಬಿಟ್ಟವನು, ಸಿನಿಮಾ ಮಂದಿರಕ್ಕೆ ಗಾಳಿ ಬಿಟ್ಟವನು. ಗಾಳಿ ಎಲ್ಲಿ ಓಡುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಕೊಳವೆಯ ಮೇಲೆ ಅಂಗೈ ಇಟ್ಟು ಹೇಳಬಲ್ಲವನು.

ಅವನ ಬಳಿಯೂ ಅಂಥದೇ ಕಾರಿತ್ತು. ಇಪ್ಪತ್ನಾಲ್ಕು ವರ್ಷ ಹಳೆಯದು, ಆರು ಸಿಲಿಂಡರಿನದು, ಹೊಸದಾಗಿದ್ದಾಗ ಶ್ರೀಮಂತರಷ್ಟೇ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಂಥ ಉದ್ದನೆಯ ಕಾರು. ಅದನ್ನು ಅವನು ಕೊಂಡದ್ದೇ ಮಾವನಿಗಾಗಿ. ಮಾವ ಒಬ್ಬ ಗಿರಣಿ ಮಾಲೀಕರ ಡ್ರೈವರ್ ಆಗಿದ್ದವರು. ಕೊನೆಯ ಹನ್ನೊಂದು ವರ್ಷ ಅವರು ಓಡಿಸಿದ್ದು ಇದೇ ಮಾದರಿಯ ಕಾರನ್ನು. ನಿವೃತ್ತರಾದ ಮೇಲೆ ಊಟಕ್ಕೆ ಕೂತರೂ ಅದೇ ಮಾತು, ಕೈ ತೊಳೆದರೂ ಅದೇ ಮಾತು. ಈಗ ಎರಡು ಕಣ್ಣಿಗೂ ಪೊರೆ ಬಂದು, ಮನುಷ್ಯರನ್ನು ದನಿಯಿಂದ ಗುರುತಿಸುವ ಸ್ಥಿತಿ. ಆರು ವರ್ಷದ ಹಿಂದೆ ಎಲ್ಲೋ ಶೆಡ್ಡಿನಲ್ಲಿ ಧೂಳು ಹೊದ್ದು ನಿಂತಿದ್ದ ಆ ಕಾರನ್ನು ಮೇಸ್ತ್ರಿ ತಂದು, ಒಂದು ವರ್ಷ ತಾನೇ ರಿಪೇರಿ ಮಾಡಿ, ಮಾವನನ್ನು ಕೂರಿಸಿ ಊರು ಸುತ್ತಿಸಿದ್ದ. ಅಂದು ಅವರು ಸೀಟಿನ ಚರ್ಮವನ್ನು ಸವರಿ ಸವರಿ ಸುಮ್ಮನೆ ಕೂತಿದ್ದರು. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು, ಅದೇ ಕಾರನ್ನು ತಂದ. ಅದೇ ಮಾದರಿ, ಅದೇ ವರ್ಷದ್ದು, ಬಣ್ಣ ಮಾತ್ರ ಒಂದು ಚೂರೂ ಮಾಸಿರಲಿಲ್ಲ. "ಭಾವನ ಕಾರು ನೋಡಿ ನನಗೂ ಆಸೆ ಆಯ್ತು" ಎಂದು ಎಲ್ಲರೆದುರು ನಕ್ಕ. ಅವನ ನಗುವಿನಲ್ಲಿ ಕಪಟವೇನೂ ಇರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊಟ್ಟೆಕಿಚ್ಚಿಗೆ ಕಾರೇ ಬೇಕೆಂದಿರಲಿಲ್ಲ. ಡಾಕ್ಟರು ಬಂದರೆ ಮಾವ "ಬನ್ನಿ ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಮೇಸ್ತ್ರಿ ಬಂದರೆ "ಬಂದ್ಯಾ? ಆ ನಲ್ಲಿ ಸೋರ್ತಿದೆ ನೋಡು." ಹಿರಿಯ ಅಳಿಯನಿಗೆ ಏಕವಚನ, ಕಿರಿಯ ಅಳಿಯನಿಗೆ ಬಹುವಚನ. ಇದನ್ನು ಮೇಸ್ತ್ರಿ ಇಪ್ಪತ್ತು ವರ್ಷಗಳಿಂದ ಕಿವಿಯಲ್ಲೇ ಎಣಿಸುತ್ತಾ ಬಂದಿದ್ದ.

ಆ ಭಾನುವಾರ ಡಾಕ್ಟರು ಕಾರಿನಿಂದಿಳಿದವನೇ ಬಾನೆಟ್ ಎತ್ತಿ ಹಿಡಿದ. "ಭಾವ, ಬನ್ನಿ ಇಲ್ಲಿ, ಒಂದು ತೋರಿಸ್ತೀನಿ."

ಎಂಜಿನ್ನಿಗೆ ಗಾಳಿ ಒಯ್ಯುವ ಕಪ್ಪು ಡಬ್ಬಿ, ಅದರ ಸುಕ್ಕು ರಬ್ಬರಿನ ಮೂತಿ ಎರಡೂ ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಕೊಳವೆ, ಅದರ ತುದಿಗೆ ಅನಾನಸ್ ಹಣ್ಣಿನ ಗಾತ್ರದ ಕೆಂಪು ಫಿಲ್ಟರು.

"ಕೋಲ್ಡ್ ಏರ್ ಇಂಟೇಕ್ ಅಂತಾರೆ. ಇಡೀ ಸೆಟ್ಟು ಡಬ್ಬೀಲೇ ಬಂತು, ಗ್ಯಾರೇಜಿನವನು ಅರ್ಧ ಗಂಟೇಲಿ ಕೂರಿಸಿದ. ಎಂಜಿನ್ನಿಗೆ ತಣ್ಣನೆ ಗಾಳಿ ಹೋದ್ರೆ ಪವರ್ ಜಾಸ್ತಿ ಅಂತೆ. ಸೌಂಡ್ ಕೇಳಿದ್ರಲ್ಲ?"

"ಕೇಳ್ದೆ" ಎಂದ ಮೇಸ್ತ್ರಿ. "ಇಡೀ ಬೀದಿಗೇ ಕೇಳಿಸ್ತು, ಡಾಕ್ಟ್ರೇ."

ಮನೆಗೆ ಮರಳಿ ಕಾರು ನಿಲ್ಲಿಸಿದವನೇ ಹೆಂಡತಿಗೆ ಹೇಳಿದ: "ತಣ್ಣನೆ ಗಾಳಿ ತರೋದು ನನ್ನ ಕಸುಬು ಕಣೇ. ಹಲ್ಲು ಕೀಳೋನು ಬಂದು ನನಗೆ ತಣ್ಣನೆ ಗಾಳಿ ತೋರಿಸ್ತಾನಲ್ಲ!"

"ನಿಮಗೂ ಬೇಕಾದ್ರೆ ಒಂದು ತರಿಸಿ."

"ತರಿಸೋದಾ? ನಾನಾ?"

ಮಾರನೆಯ ಸಂಜೆಯೇ ಕೆಲಸ ಶುರುವಾಯಿತು. ಮನೆಯ ಪಕ್ಕದ ಓಣಿಯಲ್ಲಿ ಕಾರು ನಿಲ್ಲಿಸಿ, ಹಳೆಯ ಡಬ್ಬಿಯನ್ನು ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಮನೆಗಳ ನೀರು ಹೊರಹೋಗಲು ಹಾಕುವ ಬೂದು ಪ್ಲಾಸ್ಟಿಕ್ ಪೈಪು, ಎರಡು ಮೊಣಕೈ ತಿರುವು, ರಬ್ಬರ್ ಜೋಡಣೆ, ಬಿಗಿಯುವ ಕ್ಲಾಂಪು, ಪೇಟೆಯಿಂದ ತಂದ ಒಂದು ಫಿಲ್ಟರು. ಮೂರೇ ಸಂಜೆಯಲ್ಲಿ ಎಲ್ಲ ಜೋಡಿಸಿ ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು, ಏದುಸಿರು ಬಿಟ್ಟಿತು, ಇನ್ನೇನು ಆರಿತು ಎನ್ನುವಾಗ ಮತ್ತೆ ಎದ್ದಿತು. ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತಿತು. ಹೆಂಡತಿ ಕಿಟಕಿಯಿಂದ ಇಣುಕಿ, "ಅದಕ್ಕೇನು ಉಬ್ಬಸವಾ?" ಎಂದು ಕೇಳಿದಳು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆದು ಎಂಜಿನ್ನಿಗೆ ಹೇಳುವ ಒಂದು ಸಣ್ಣ ಸೆನ್ಸರನ್ನು ಅವನು ತಿರುವಿನ ಪಕ್ಕದಲ್ಲೇ ಕೂರಿಸಿದ್ದ. ತಿರುವು ದಾಟಿದ ಗಾಳಿ ಸುಳಿಯಾಗುತ್ತದೆ. ಸುಳಿಯನ್ನು ಅಳೆದ ಸೆನ್ಸರು ಗಳಿಗೆಗೊಂದು ಸುಳ್ಳು ಹೇಳುತ್ತಿತ್ತು. ಇದನ್ನು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರ ಕಲಿಸುತ್ತಿದ್ದವನು ತಾನೇ. ಹೊಟ್ಟೆಯೊಳಗೆ ಉರಿ ಇದ್ದರೆ ಕಲಿತ ವಿದ್ಯೆಯೂ ಸಮಯಕ್ಕೆ ಒದಗುವುದಿಲ್ಲವೆಂದು ಅವನಿಗೆ ನಾಚಿಕೆಯಾಯಿತು. ಎಂಜಿನ್ನಿನ ಕಾವಿಗೆ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಬಾಗಿಯೂ ಇತ್ತು. ಕಿತ್ತೆಸೆದ.

ಎರಡನೆಯದನ್ನು ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದ. ಕಾರ್ಖಾನೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚಿದರೆ ಇವನು ತಗಡು ಮಡಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಸೆನ್ಸರಿನ ಮುಂದೆ ಒಂದು ಗೇಣು ನೇರ ಕೊಳವೆ, ಫಿಲ್ಟರಿನ ಸುತ್ತ ಎಂಜಿನ್ನಿನ ಕಾವು ತಾಗದಂತೆ ತಗಡಿನ ಗೋಡೆ. ಈ ಸಲ ಎಂಜಿನ್ ಒಂದೇ ಲಯದಲ್ಲಿ ಓಡಿತು. ಷಡ್ಡಕನದು ಗುರ್ರೆಂದರೆ ಇವನದು ಘರ್ಜಿಸಿತು.

ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಕಾರ್ಖಾನೆಯಲ್ಲಿ ಕೊಳವೆಯೊಳಗಿನ ಗಾಳಿಯ ಬಿಸಿ ನೋಡಲು ಉದ್ದ ತಂತಿಯ ಥರ್ಮಾಮೀಟರಿತ್ತು. ಅದನ್ನು ತಂದು ತನ್ನ ಕಾರಿಗೆ ಸಿಕ್ಕಿಸಿ ವಾಹನಗಳು ತೆವಳುವ ರಸ್ತೆಯಲ್ಲಿ ಓಡಿಸಿದ. ಹೊರಗೆ ಮೂವತ್ತು ಡಿಗ್ರಿ, ಕೊಳವೆಯಲ್ಲಿ ಮೂವತ್ತೆಂಟು. ಮತ್ತೊಂದು ದಿನ "ಸುಮ್ನೆ ನೋಡೋಣ ಡಾಕ್ಟ್ರೇ" ಎಂದು ಷಡ್ಡಕನ ಕಾರಿಗೂ ಸಿಕ್ಕಿಸಿ, ಅದೇ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋದ. ಐವತ್ತಾರು. ಆ ಹೊಳೆಯುವ ಕೊಳವೆ ರೇಡಿಯೇಟರಿನ ಹಿಂದಿನ ಕುದಿಗಾಳಿಯನ್ನೇ ಹೀರುತ್ತಿತ್ತು. ಹಳೆಯ ಕಪ್ಪು ಡಬ್ಬಿಯೇ ಅದಕ್ಕಿಂತ ಎಷ್ಟೋ ಮೇಲಿತ್ತು.

"ಎಷ್ಟಿದೆ ಭಾವ?"

"ಪರವಾಗಿಲ್ಲ" ಎಂದ ಮೇಸ್ತ್ರಿ, ಥರ್ಮಾಮೀಟರನ್ನು ಜೇಬಿಗಿಳಿಸುತ್ತಾ.

ಆ ಐವತ್ತಾರನ್ನು ಒಂದು ವಾರ ನಾಲಿಗೆಯಡಿ ಸಕ್ಕರೆ ಹರಳಿನಂತೆ ಇಟ್ಟುಕೊಂಡು ಓಡಾಡಿದ. ತಗಡು ಕತ್ತರಿಸುವಾಗ ತನ್ನಷ್ಟಕ್ಕೆ ನಗುತ್ತಿದ್ದ. "ಗಾಳಿ ಮೇಸ್ತ್ರಿಗೇ ಗಾಳಿ ಮೆಟ್ಟಿದೆ" ಎಂದು ಜೊತೆಯವರು ಗೇಲಿ ಮಾಡಿದರು.

ಮುಂದಿನ ಭಾನುವಾರ ಅವನೂ ಘರ್ಜಿಸುತ್ತಾ ಮಾವನ ಬೀದಿಗೆ ನುಗ್ಗಿದ. ಮಾವ ಜಗಲಿಯಲ್ಲೇ ಇದ್ದರು. ಡಾಕ್ಟರು ಆಗಲೇ ಬಂದಿದ್ದ. ಮೇಸ್ತ್ರಿ ಬೇಕೆಂದೇ ಇನ್ನೆರಡು ಸಲ ಎಂಜಿನ್ ರೇಗಿಸಿ ಇಳಿದ.

"ಹೇಗಿದೆ ಮಾವ?"

"ನೀನೂನಾ?" ಎಂದರು ಮಾವ.

"ಏನು ಮಾವ?"

"ಅವತ್ತು ಡಾಕ್ಟ್ರು ಬಂದಾಗ ಲಾರಿ ಬಂತೇನೋ ಅಂತ ಹೌಹಾರಿಬಿಟ್ಟೆ. ಹೊಸದಾಗಿ ಮಾಡಿಸಿದಾರೆ, ಏನಂತ ಹೇಳ್ಲಿ ಅಂತ ಸುಮ್ನಾದೆ. ಈಗ ನೀನೂ ಹಾಗೇ ಮಾಡ್ಕೊಂಡ್ಯಾ?" ಮುದುಕರು ಮಬ್ಬುಗಣ್ಣನ್ನು ಕಾರಿನತ್ತ ತಿರುಗಿಸಿದರು. "ನಮ್ಮ ಯಜಮಾನರು ಆ ಕಾರು ಯಾಕೆ ತಗೊಂಡ್ರು ಗೊತ್ತೇನಯ್ಯಾ? ಸದ್ದಿಲ್ಲ ಅಂತ. ಹಿಂದಿನ ಸೀಟಲ್ಲಿ ಅವರು ಕಾಗದ ತಿರುಗಿಸಿದ್ರೆ ನನಗೆ ಮುಂದೆ ಕೇಳ್ತಿತ್ತು. ಅಂಥದಕ್ಕೆ ಇಬ್ರೂ ಸೇರಿ ಬೊಗಳೋಕೆ ಕಲಿಸಿದ್ರಲ್ಲ!"

ಡಾಕ್ಟರು ಜೋರಾಗಿ ನಕ್ಕುಬಿಟ್ಟ. ಮೇಸ್ತ್ರಿಗೆ ನಗು ಬರಲಿಲ್ಲ. ಅವನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು: ಡಾಕ್ಟ್ರಿಗೆ ಏನಂತ ಹೇಳಲಿ ಎಂದು ಸಂಕೋಚ, ನನಗಾದರೆ ಮುಖದ ಮೇಲೇ ಬೈಗುಳ.

ಅಂದು ಸಂಜೆ ಇದನ್ನು ಹೆಂಡತಿಗೆ ಹೇಳಿಯೇ ಬಿಟ್ಟ. ಬಟ್ಟೆ ಮಡಿಸುತ್ತಿದ್ದ ಅವಳು ಕೈ ನಿಲ್ಲಿಸಿದಳು. "ಅಪ್ಪ ಯಾರ್ಯಾರಿಗೆ ನೀನು ಅಂತಾರೆ ಹೇಳಿ ನೋಡೋಣ. ನನಗೆ, ತಂಗಿಗೆ, ನಿಮಗೆ. ಮೂರೇ ಜನ. ಯಜಮಾನರಿಗೆ ಬನ್ನಿ ಅಂದು ಅಂದೇ ಜೀವ ಸವೆಸಿದವರು ಅವರು. ಬನ್ನಿ ಅನ್ನಿಸ್ಕೊಂಡವರು ಹೊರಗಿನವರು ಕಣ್ರೀ."

ಮೇಸ್ತ್ರಿ ಅದನ್ನು ನಂಬಿದ. ಆದರೂ ಹೊಟ್ಟೆಯೊಳಗಿನ ಉರಿ ನಂಬಲಿಲ್ಲ. ಅದಕ್ಕೆ ಅದರದೇ ಅಭ್ಯಾಸವಿತ್ತು.

ಅವನು ಮೂರನೆಯ ಸಲ ಕೈ ಹಾಕಿದ. ಘರ್ಜಿಸುವ ಕೊಳವೆಯನ್ನು ಬಿಚ್ಚಿ, ಹಳೆಯ ಕಪ್ಪು ಡಬ್ಬಿಯನ್ನು ತೊಳೆದು ಅದರ ಜಾಗಕ್ಕೇ ಮರಳಿಸಿದ. ಎಂಜಿನ್ನಿನ ಸದ್ದನ್ನು ನುಂಗುತ್ತಿದ್ದದ್ದು ಆ ಡಬ್ಬಿಯೇ. ಅದಕ್ಕೆ ಬೇಕಾಗಿದ್ದದ್ದು ತಣ್ಣನೆಯ ಗಾಳಿ ಬರುವ ದಾರಿ ಮಾತ್ರ. ಮುಂದಿನ ಬಂಪರಿನ ಜಾಲರಿಯ ಹಿಂದೆ ಅಗಲ ಬಾಯಿಯ ತಗಡಿನ ಕೊಳವೆ ಕೂರಿಸಿ, ದೀಪದ ಕೆಳಗಿನಿಂದ ಬಳಸಿ ತಂದು ಡಬ್ಬಿಯ ಹೊಟ್ಟೆಗೆ ಸೇರಿಸಿದ. ಒಳಮೈಗೆ ಎ.ಸಿ. ಕೊಳವೆಗೆ ಅಂಟಿಸುವ ಮೆತ್ತನೆಯ ಪಟ್ಟಿ. ಕೊಳವೆ ಎಲ್ಲಕ್ಕಿಂತ ತಗ್ಗಾಗುವ ತಿರುವಿನಲ್ಲಿ ಬಟಾಣಿ ಕಾಳಿನಷ್ಟು ಒಂದು ತೂತು. ಮಳೆಯಲ್ಲಿ ಓಡುವಾಗ ಒಳಗೆ ನುಗ್ಗಿದ ನೀರು ಅಲ್ಲಿಂದ ಸುರಿದುಹೋಗಬೇಕು. ಅದು ಅಲ್ಲೇ ನಿಂತು ತುಂಬಿ ಎಂಜಿನ್ನಿನೊಳಕ್ಕೆ ಹೋದರೆ, ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯುತ್ತದೆ.

ಥರ್ಮಾಮೀಟರು ಮೂವತ್ತಮೂರು ತೋರಿಸಿತು. ಸದ್ದು ಎಷ್ಟು ಕಡಿಮೆಯಾಯಿತೆಂದರೆ, ಮಾವನನ್ನು ಮುಂದೆ ಕೂರಿಸಿಕೊಂಡು ಹೊರಟಾಗ ಅವರು ಎರಡು ಸಲ "ಎಂಜಿನ್ ಆಫ್ ಆಯ್ತೇನೋ?" ಎಂದು ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಇಲ್ಲದ ಸ್ಟೀರಿಂಗಿನ ಮೇಲೆ ಕೈಗಳನ್ನಿಟ್ಟುಕೊಂಡು ಕೂತರು. ತಿರುವು ಬಂದಾಗ ಅವರ ಕೈಗಳೂ ತಿರುಗಿದವು. ಮೇಸ್ತ್ರಿ ಇನ್ನೂ ನಾಲ್ಕು ಬೀದಿ ಸುಮ್ಮನೆ ಸುತ್ತಿಸಿದ.

ವಾರ ಕಳೆಯುವುದರೊಳಗೆ ಡಾಕ್ಟರ ಫೋನು ಬಂತು. "ಭಾವ, ಮಾವ ಏನು ಹೊಗಳ್ತಿದಾರೆ ನಿಮ್ಮನ್ನ! ನನಗೂ ಒಂದು ಮಾಡ್ಕೊಡಿ. ಆ ಕೆಂಪು ಫಿಲ್ಟರ್ ತೆಗೆದು ಬಿಸಾಡ್ತೀನಿ."

ಇಲ್ಲ ಎನ್ನಲು ಮೇಸ್ತ್ರಿಗೆ ನೆಪ ಸಿಗಲಿಲ್ಲ. ಗೆದ್ದದ್ದೊಂದೇ ಆಟ, ಅದನ್ನೂ ಹಂಚಿಕೋ ಎಂದರೆ ಹೇಗೆ? ಆದರೂ ಮಾಡಿದ. ಅಳತೆಯಲ್ಲಿ ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ, ಕೈ ಕೇಳಲಿಲ್ಲ. ಕೊನೆಗೆ ಆ ತೂತು ಕೊರೆಯಲು ಡ್ರಿಲ್ ಎತ್ತಿಕೊಂಡವನು ಅದನ್ನು ಹಾಗೇ ಕೆಳಗಿಟ್ಟ. ಏನೂ ಆಗುವುದಿಲ್ಲ, ಮಳೆಯಲ್ಲಿ ಎರಡು ಸಲ ಕೆಮ್ಮೀತು, ಮಾವ "ಯಾಕೋ ಡಾಕ್ಟ್ರ ಕಾರು ಮುಗ್ಗರಿಸ್ತಿದೆ" ಎಂದಾರು, ಅಷ್ಟೇ. ಹೀಗೆ ತನಗೆ ತಾನೇ ಹೇಳಿಕೊಂಡು ಕೊಳವೆಯನ್ನು ಕೂರಿಸಿ ಕೊಟ್ಟ. ಡಾಕ್ಟರು ಅವನ ಎರಡೂ ಕೈ ಹಿಡಿದು ಕುಲುಕಿದ.

ಮಳೆ ಬಂದದ್ದು ಮೂರು ವಾರದ ಮೇಲೆ, ಬಂದದ್ದು ಬಿಡಲಿಲ್ಲ. ಮೊದಲ ದಿನ ಮೇಸ್ತ್ರಿ ಕಾರ್ಖಾನೆಯ ತಗಡಿನ ಛಾವಣಿಯ ಮೇಲಿನ ಸದ್ದು ಕೇಳಿ ಕೇಳದಂತಿದ್ದ. ಎರಡನೆಯ ದಿನ ಒಂದೇ ತುಂಡನ್ನು ಎರಡು ಸಲ ತಪ್ಪು ಕತ್ತರಿಸಿದ. ಮೂರನೆಯ ದಿನ ಮಧ್ಯಾಹ್ನ ಹೆಂಡತಿ ಫೋನು ಮಾಡಿದಳು. "ಸಂಜೆ ಬರ್ತಾ ಸೋಪು ತನ್ನಿ. ಹಾಂ, ಅಪ್ಪನ್ನ ಮೂರು ಗಂಟೆಗೆ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ, ಡಾಕ್ಟ್ರ ಕಾರಲ್ಲಿ."

ಕಣ್ಣಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಮೇಲ್ಸೇತುವೆಯಿತ್ತು. ಎರಡೂ ಬದಿ ಭಾರಿ ವಾಹನಗಳು. ಅದರ ನಡುಮಧ್ಯೆ ಎಂಜಿನ್ ಕೈಕೊಟ್ಟು ಬ್ರೇಕು ಬಿಗಿದು ನಿಂತ ಕಾರು, ಒಳಗೆ ಕಣ್ಣು ಕಾಣದ ಮುದುಕರು. ಮೇಸ್ತ್ರಿ ಡಾಕ್ಟರಿಗೆ ಫೋನು ಮಾಡಿದ, ಎತ್ತಲಿಲ್ಲ. ಡ್ರಿಲ್ಲನ್ನು ಅಂಗಿಯೊಳಗೆ ತುರುಕಿಕೊಂಡು, ಯಾರಿಗೂ ಹೇಳದೆ ಕಾರು ಹತ್ತಿದ.

ಹಲ್ಲಿನ ಆಸ್ಪತ್ರೆಯ ಮುಂದೆ ಷಡ್ಡಕನ ಕಾರು ನೆನೆಯುತ್ತಾ ನಿಂತಿತ್ತು. ಮೇಸ್ತ್ರಿ ನೀರು ನಿಂತ ನೆಲದ ಮೇಲೆ ಅಂಗಾತ ಮಲಗಿ ಬಂಪರಿನ ಕೆಳಗೆ ತಲೆ ತೂರಿಸಿದ. ಬೆರಳಿನಿಂದ ತಿರುವನ್ನು ತಟ್ಟಿದ; ಪೊಳ್ಳು ಸದ್ದಿರಲಿಲ್ಲ. ಡ್ರಿಲ್ ಒತ್ತಿದ. ತಗಡು ಹರಿದ ಕೂಡಲೇ ಎರಡು ಲೋಟದಷ್ಟು ಕೊಳೆನೀರು ಅವನ ಕತ್ತಿನ ಮೇಲೆ, ಬಾಯಿಯೊಳಗೆ ಸುರಿಯಿತು. ಉಗುಳುತ್ತಾ ಹೊರಳಿದಾಗ ಬಿಳಿ ಬೂಟುಗಳು ಕಂಡವು. ಡಾಕ್ಟರು ಕೈಗವಸು ಕೂಡ ಕಳಚದೆ ಕೊಡೆ ಹಿಡಿದು ನಿಂತಿದ್ದ.

"ಭಾವ! ಏನ್ ಮಾಡ್ತಿದೀರಿ ಮಳೇಲಿ?"

"ತೂತು ಹಾಕ್ತಿದೀನಿ. ನೀರು ಹೋಗೋಕೆ. ಮೊದ್ಲೇ ಹಾಕ್ಬೇಕಿತ್ತು."

"ಮರ್ತುಹೋಗಿತ್ತಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಲ್ಲಿ ಇನ್ನೂ ಮಣ್ಣಿನ ರುಚಿಯಿತ್ತು.

"ಇಲ್ಲ. ಬೇಕಂತ್ಲೇ ಬಿಟ್ಟಿದ್ದೆ."

ಕೊಡೆಯ ಮೇಲೆ ಮಳೆ ಬಡಿಯುತ್ತಿತ್ತು. "ಬಿಟ್ರೆ ಏನಾಗ್ತಿತ್ತು?"

"ಏನೂ ಆಗ್ದೇ ಇರಬಹುದಿತ್ತು. ಎಂಜಿನ್ನೇ ಹೋಗಬಹುದಿತ್ತು."

"ಯಾಕೆ ಭಾವ?"

"ಹೊಟ್ಟೆಕಿಚ್ಚು" ಎಂದ ಮೇಸ್ತ್ರಿ, ಮಲಗಿದಲ್ಲಿಂದಲೇ.

ಡಾಕ್ಟರು ಗಡಿಯಾರ ನೋಡಿಕೊಂಡ. "ಇನ್ನೊಂದು ಗಂಟೇಲಿ ಮಾವನ್ನ ಕೂರಿಸ್ಕೊಂಡು ಹೊರಡೋನಿದ್ದೆ."

"ಗೊತ್ತು. ಅದ್ಕೇ ಓಡಿಬಂದೆ."

"ಮಾವ ಇಲ್ದೆ ನಾನೊಬ್ನೇ ಹೋಗೋದಿದ್ರೆ? ಬರ್ತಿದ್ರಾ?"

ಮೇಸ್ತ್ರಿ ಡ್ರಿಲ್ಲಿನ ಮೇಲಿನ ನೀರನ್ನು ಅಂಗಿಯಿಂದ ಒರೆಸತೊಡಗಿದ. ಡಾಕ್ಟರು ಸ್ವಲ್ಪ ಕಾದು, "ಒಳಗೆ ಒಬ್ರು ಬಾಯಿ ತೆರ್ಕೊಂಡು ಕೂತಿದಾರೆ" ಎಂದು, ಕೊಡೆಯನ್ನು ಅಲ್ಲೇ ಅವನ ಪಕ್ಕದಲ್ಲಿಟ್ಟು ಮಳೆಯಲ್ಲಿ ನೆನೆಯುತ್ತಾ ಒಳಗೆ ಹೋದ. ಮಾವನನ್ನು ಅಂದು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ.

ಮುಂದಿನ ಭಾನುವಾರಗಳಲ್ಲಿ ಮೇಸ್ತ್ರಿ ಜೀವ ಹಿಡಿದುಕೊಂಡು ಮಾವನ ಮನೆಗೆ ಹೋದ. ಹೆಂಡತಿ, ನಾದಿನಿ, ಮಾವ ಎಲ್ಲರೂ ಎಂದಿನಂತೆಯೇ ಇದ್ದರು. ಡಾಕ್ಟರು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತಾಗ "ನೀರು ಬೇಕಾ ಭಾವ?" ಎನ್ನುತ್ತಿದ್ದ, ಅದಕ್ಕಿಂತ ಹೆಚ್ಚು ಮಾತಿಲ್ಲ. ಅವನು ಬೈದಿದ್ದರೆ, ಎಲ್ಲರೆದುರು ಮಾನ ಕಳೆದಿದ್ದರೆ ಮೇಸ್ತ್ರಿಗೆ ನಿದ್ದೆ ಬರುತ್ತಿತ್ತು. ಬಣ್ಣ ಮಾಸದ ಕಾರಿನ ಜೊತೆಗೆ ಇದೂ ಅವನ ಹತ್ತಿರವೇ ಇದೆಯಲ್ಲ, ಈ ದೊಡ್ಡತನ! ಅದಕ್ಕೂ ಮೇಸ್ತ್ರಿಗೆ ಹೊಟ್ಟೆಕಿಚ್ಚಾಯಿತು.

ಎರಡು ತಿಂಗಳ ಮೇಲೆ ಅವನ ದವಡೆ ಹಲ್ಲೊಂದು ಮುರಿಯಿತು. ಬೇರೆ ಡಾಕ್ಟರ ಬಳಿ ಹೋಗುತ್ತೇನೆ ಎಂದರೆ ಹೆಂಡತಿ ಕಾರಣ ಕೇಳುತ್ತಾಳೆ. ಕಡೆಗೆ ಷಡ್ಡಕನ ಕುರ್ಚಿಯಲ್ಲೇ ಮಲಗಿ ಬಾಯಿ ತೆರೆದ. ಡಾಕ್ಟರು ಸೂಜಿ ಚುಚ್ಚಿ, ಮರಗಟ್ಟಲೆಂದು ಕಾಯುತ್ತಾ ಪಕ್ಕದ ಸ್ಟೂಲಿನಲ್ಲಿ ಕೂತ.

"ಭಾವ, ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ಮಳೆ ಬಂದಾಗೆಲ್ಲ ಕಾರಿಂದ ಇಳಿದು ಬಗ್ಗಿ ನೋಡ್ತೀನಿ, ನೀರು ಸುರೀತಿದೆಯಾ ಅಂತ. ಆ ಅಭ್ಯಾಸ ಬಿಡೋಕಾಗ್ತಿಲ್ಲ."

ಮೇಸ್ತ್ರಿ ಏನೋ ಹೇಳಹೊರಟ. ಬಾಯಲ್ಲಿ ಹತ್ತಿ ತುಂಬಿತ್ತು. ಡಾಕ್ಟರು ಇಕ್ಕಳ ಎತ್ತಿಕೊಂಡ. ಅವನ ಕೈ ಹಗುರವಾಗಿತ್ತು. ಒಂದು ಚೂರೂ ನೋಯಿಸದೆ ಕಿತ್ತ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮೇಸ್ತ್ರಿ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, ತೂತಿನ ಕಥೆಯನ್ನು ಮೊದಲಿನಿಂದ ಹೇಳಿದ. ಕೆನ್ನೆ ಇನ್ನೂ ಮರಗಟ್ಟಿತ್ತು. ಕಥೆ ಹೇಗೋ ಅರ್ಥವಾಯಿತು, ಕಾರಣ ಮಾತ್ರ ಅವಳಿಗೆ ತಿಳಿಯಲಿಲ್ಲ.

"ಯಾಕೆ ಬಿಟ್ರಿ ಅಂದ್ರಿ?"

"ಒಟ್ಟೆಕಿಚ್ಚು."

"ಏನು?"

"ಒಟ್ಟೆ... ಒಟ್ಟೆಕಿಚ್ಚು ಕಣೇ!" ಎಂದು ಅವನು ಕೂಗಿದ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಅವಳು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಎರಡಾಗಿ ಮುರಿದಳು. "ತೂತಿನ ವಿಷಯ ನನಗೆ ಗೊತ್ತಿರ್ಲಿಲ್ಲ" ಎಂದಳು ಮೆಲ್ಲಗೆ. "ಕಿಚ್ಚಿನ ವಿಷಯ ತಂಗಿಗೆ ಗಂಡು ಗೊತ್ತಾದ ದಿನದಿಂದ ಗೊತ್ತು. ನಾಳೆ ಹೋಗಿ ಅವಳಿಗೂ ನೀವೇ ಹೇಳ್ಬೇಕು. ಬಾಯಿ ಸರಿಹೋದ ಮೇಲೆ."

ಮೇಸ್ತ್ರಿ ತಲೆಯಾಡಿಸಿದ. ಅವಳು ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದಳು. ಇಬ್ಬರೂ ಸೊಪ್ಪು ಬಿಡಿಸತೊಡಗಿದರು.